ವಿಲಿಯಮ್ಸ್‌ಬರ್ಗಿನ ಬೀದಿಯಲ್ಲಿ ಒಂದು ಭಾಷೆಯ ಬಾಳು

ಮಕ್ಕಳಲ್ಲಿ ಕನ್ನಡ ಉಳಿಸುವುದು ಹೇಗೆ ಎಂಬ ಮಾತು ಬಾರದ ಸಭೆ ನಮ್ಮ ಕೂಟದಲ್ಲಿಲ್ಲ. ಇದೇ ಪ್ರಶ್ನೆಯನ್ನು ನಮಗಿಂತ ಮೊದಲು ಎದುರಿಸಿದ ಜನ ನಮ್ಮ ಪಕ್ಕದಲ್ಲೇ ಇದ್ದಾರೆ. ಮ್ಯಾನ್‌ಹಟನ್ನಿನಿಂದ ಈಸ್ಟ್ ರಿವರ್ ದಾಟಿದರೆ ಬ್ರೂಕ್ಲಿನ್ನಿನ ವಿಲಿಯಮ್ಸ್‌ಬರ್ಗ್. ಅದರ ದಕ್ಷಿಣ ಭಾಗ ಹಸಿದಿಕ್ ಯಹೂದಿಗಳದು. ಮೈಸೂರಿನವರ ಮಾತಿನಲ್ಲಿ ಹೇಳುವುದಾದರೆ ಅವರದೇ ಒಂದು ಮೊಹಲ್ಲಾ. ಎಂ.ಬಿ.ಬಿ.ಎಸ್. ಮುಗಿಸಿ ಬಂದು ಬ್ರೂಕ್ಲಿನ್ನಿನಲ್ಲಿ ರೆಸಿಡೆನ್ಸಿ ಮಾಡಿದ ನಾವು ಕೆಲವರು ಈ ಮೊಹಲ್ಲಾವನ್ನು ಹತ್ತಿರದಿಂದ ಕಂಡಿದ್ದೇವೆ.

ಅಲ್ಲಿನ ಲೀ ಅವೆನ್ಯೂನಲ್ಲಿ ಬೇಕರಿ, ಬಟ್ಟೆ ಅಂಗಡಿ, ಪುಸ್ತಕದಂಗಡಿಗಳ ಬೋರ್ಡುಗಳೆಲ್ಲ ಹೀಬ್ರೂ ಅಕ್ಷರದಲ್ಲಿ. ಹಳದಿ ಶಾಲಾ ಬಸ್ಸಿನ ಮೇಲೂ ಅದೇ ಅಕ್ಷರ. ಉದ್ದ ಕಪ್ಪು ಕೋಟಿನ ಗಂಡಸರು, ತಲೆಗೆ ವಸ್ತ್ರ ಕಟ್ಟಿ ಮಗುವಿನ ಗಾಡಿ ತಳ್ಳುವ ಹೆಂಗಸರು. ಶುಕ್ರವಾರ ಸಂಜೆ ಸೈರನ್ ಕೂಗಿತೆಂದರೆ ಅಂಗಡಿ ಬಾಗಿಲು ಮುಚ್ಚಿ, ರಸ್ತೆಯಲ್ಲಿ ಅವರ ಕಾರುಗಳ ಓಡಾಟ ನಿಲ್ಲುತ್ತದೆ. ಆದರೂ ಜೀವ ಉಳಿಸುವ ಕೆಲಸಕ್ಕೆ ಸಬ್ಬತ್ತಿನ ನಿಷೇಧವಿಲ್ಲ. 1960ರ ದಶಕದಲ್ಲಿ ಇದೇ ಬೀದಿಗಳಲ್ಲಿ ಹುಟ್ಟಿದ ಸ್ವಯಂಸೇವಕರ ಆಂಬುಲೆನ್ಸ್ ಪಡೆ 'ಹತ್ಸೋಲಾ' ಶನಿವಾರವೂ ಓಡುತ್ತದೆ. ವೈದ್ಯರಾದ ನಮ್ಮನ್ನು ಬೆರಗುಗೊಳಿಸಿದ್ದು ಮಾತ್ರ ಇನ್ನೊಂದು ಸಂಗತಿ. ಅಜ್ಜಿಯ ಜೊತೆ ಬಂದ ಎಂಟು ವರ್ಷದ ಮೊಮ್ಮಗ ಆಕೆಯ ನೋವನ್ನು ಯಿದ್ದಿಷ್ ಭಾಷೆಯಲ್ಲಿ ಕೇಳಿಕೊಂಡು ನಮಗೆ ಇಂಗ್ಲಿಷಿನಲ್ಲಿ ಒಪ್ಪಿಸುತ್ತಿದ್ದ. ಅಜ್ಜಿಗೂ ಮೊಮ್ಮಗನಿಗೂ ನಡುವೆ ಭಾಷೆಯ ಬಿರುಕೇ ಇರಲಿಲ್ಲ.

ಇದರ ಹಿಂದಿನ ಚರಿತ್ರೆ ದಾರುಣವಾದುದು. 1903ರಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆ ತೆರೆದ ಮೇಲೆ ಮ್ಯಾನ್‌ಹಟನ್ನಿನ ಲೋಯರ್ ಈಸ್ಟ್ ಸೈಡಿನ ಇಕ್ಕಟ್ಟಿನಿಂದ ಯಹೂದಿಗಳು ಇತ್ತ ಬಂದರು. ಎರಡನೆಯ ಮಹಾಯುದ್ಧದಲ್ಲಿ ಸುಮಾರು 60 ಲಕ್ಷ ಯಹೂದಿಗಳ ಹತ್ಯೆಯಾಯಿತು. ಸತ್ತವರಲ್ಲಿ ಬಹುಪಾಲು ಯಿದ್ದಿಷ್ ಮಾತನಾಡುವವರು. ಆ ಮಾರಣಹೋಮದಿಂದ ಪಾರಾದ ರಬ್ಬಿ ಯೋಯೆಲ್ ಟೈಟೆಲ್‌ಬಾಮ್ 1946ರಲ್ಲಿ ನ್ಯೂಯಾರ್ಕಿಗೆ ಬಂದು ವಿಲಿಯಮ್ಸ್‌ಬರ್ಗಿನಲ್ಲಿ ನೆಲೆಸಿದರು. ಈಗ ರೊಮೇನಿಯಾದಲ್ಲಿರುವ ಸಾಟು ಮಾರೆ ಅವರ ಊರು; ಅದರಿಂದಲೇ ಅವರ ಪಂಥಕ್ಕೆ 'ಸತ್ಮಾರ್' ಎಂಬ ಹೆಸರು. 1979ರಲ್ಲಿ ಅವರು ತೀರಿಕೊಳ್ಳುವ ವೇಳೆಗೆ ಶಾಲೆ, ಪತ್ರಿಕೆ, ಅಂಗಡಿ, ದೇಗುಲಗಳೆಲ್ಲ ಯಿದ್ದಿಷ್‌ನಲ್ಲೇ ನಡೆಯುವ ಒಂದು ಲೋಕ ಅಲ್ಲಿ ಬೇರೂರಿತ್ತು.

ಇದೇ ಭಾಷೆಗೆ ನದಿಯ ಈಚೆ ದಡದಲ್ಲಿ ಬೇರೆಯೇ ಗತಿಯಾಯಿತು. 1897ರಲ್ಲಿ ಲೋಯರ್ ಈಸ್ಟ್ ಸೈಡಿನಲ್ಲಿ ಆರಂಭವಾದ 'ಫೋರ್ವರ್ಟ್ಸ್' ಎಂಬ ಯಿದ್ದಿಷ್ ದಿನಪತ್ರಿಕೆ 1912ರಲ್ಲಿ ಹತ್ತು ಅಂತಸ್ತಿನ ಸ್ವಂತ ಕಟ್ಟಡ ಕಟ್ಟಿತು. 1920ರ ದಶಕದಲ್ಲಿ ಅದರ ಪ್ರಸಾರ ಎರಡು ಲಕ್ಷ ದಾಟಿತ್ತು. ಸೆಕೆಂಡ್ ಅವೆನ್ಯೂನಲ್ಲಿ ಯಿದ್ದಿಷ್ ನಾಟಕಗಳು ಮೆರೆದವು. ಆ ಪತ್ರಿಕೆಯಲ್ಲಿ ಬರೆಯುತ್ತಿದ್ದ ಐಸಾಕ್ ಬಾಶೆವಿಸ್ ಸಿಂಗರ್ ಅವರಿಗೆ 1978ರಲ್ಲಿ ನೊಬೆಲ್ ಬಹುಮಾನವೂ ಬಂತು. ಆದರೆ ಓದುಗರ ಮಕ್ಕಳು ಇಂಗ್ಲಿಷಿಗೆ ಹೊರಳಿದ್ದರು. ದಿನಪತ್ರಿಕೆ 1983ರಲ್ಲಿ ವಾರಪತ್ರಿಕೆಯಾಯಿತು, 2019ರಲ್ಲಿ ಅಚ್ಚೇ ನಿಂತಿತು. ಆ ಕಟ್ಟಡದಲ್ಲಿ ಈಗ ದುಬಾರಿ ಅಪಾರ್ಟ್‌ಮೆಂಟುಗಳಿವೆ.

ನೊಬೆಲ್ ಪಡೆದ ದಡದಲ್ಲಿ ಭಾಷೆ ಸೊರಗಿತು, ಬ್ರೆಡ್ಡು ಕೊಳ್ಳಲು ಬಳಸಿದ ದಡದಲ್ಲಿ ಬೆಳೆಯಿತು. ಎಂಟು ಜ್ಞಾನಪೀಠಗಳ ಹೆಮ್ಮೆಯ, 2025ರಲ್ಲಿ ಬಾನು ಮುಷ್ತಾಕ್ ಅವರ ಅಂತಾರಾಷ್ಟ್ರೀಯ ಬೂಕರ್‌ಗೆ ಚಪ್ಪಾಳೆ ತಟ್ಟಿದ ನಾವು ಇದನ್ನು ಗಮನಿಸಲೇಬೇಕು.

ಹಾಗೆಂದು ನಾವೂ ಗೋಡೆ ಕಟ್ಟಿಕೊಳ್ಳೋಣವೆಂದು ಹೇಳುತ್ತಿಲ್ಲ. ಆ ಗೋಡೆಯ ಬೆಲೆಯನ್ನೂ ನಾವು ಕಂಡಿದ್ದೇವೆ. 2018-19ರಲ್ಲಿ ನಗರದಲ್ಲಿ 649 ಜನಕ್ಕೆ ದಡಾರ ತಗಲಿತು. ಹೆಚ್ಚಿನವರು ವಿಲಿಯಮ್ಸ್‌ಬರ್ಗ್ ಮತ್ತು ಬರೋ ಪಾರ್ಕಿನವರು. ಅನೇಕ ರಬ್ಬಿಗಳು ಲಸಿಕೆ ಹಾಕಿಸಿ ಎಂದೇ ಹೇಳಿದರೂ ಒಳಗೊಳಗೆ ಹರಿದಾಡಿದ ಕರಪತ್ರಗಳನ್ನು ಕೆಲವರು ನಂಬಿದರು. ಏಪ್ರಿಲ್ 2019ರಲ್ಲಿ ನಗರಾಡಳಿತ ತುರ್ತುಸ್ಥಿತಿ ಸಾರಿ ಲಸಿಕೆ ಕಡ್ಡಾಯ ಮಾಡಬೇಕಾಯಿತು. 2023ರಲ್ಲಿ ನಗರದ 18 ಹಸಿದಿಕ್ ಶಾಲೆಗಳಲ್ಲಿ ಇಂಗ್ಲಿಷ್, ಗಣಿತ ಮೊದಲಾದ ಪಾಠಗಳು ಕಾನೂನು ಕೇಳುವ ಮಟ್ಟದಲ್ಲಿಲ್ಲವೆಂದು ಅಧಿಕಾರಿಗಳು ತೀರ್ಮಾನಿಸಿದರು. ನಮ್ಮ ಮಕ್ಕಳಿಗೆ ಈ ಬೆಲೆ ತೆರಿಸಲು ನಮ್ಮಲ್ಲಿ ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು.

ಗೋಡೆ ಬೇಡ, ಬಳಕೆ ಬೇಕು. ನಮ್ಮ ಕನ್ನಡ ಯುಗಾದಿಗೆ, ರಾಜ್ಯೋತ್ಸವಕ್ಕೆ ಉಡುವ ರೇಷ್ಮೆ ಸೀರೆಯಂತಾಗಿದೆ, ದಿನಬಳಕೆಯ ಸೀರೆಯಾಗಿಲ್ಲ. ಊಟಕ್ಕೆ ಕರೆಯುವುದು, ದಿನಸಿ ಚೀಟಿ ಬರೆಯುವುದು, ತಾತನಿಗೆ ಮಾತ್ರೆ ಕೊಡುವುದು — ಇಷ್ಟಾದರೂ ಕನ್ನಡದಲ್ಲಿ ನಡೆಯಲಿ. ಹಾಡು, ನಾಟಕ ಆಮೇಲೆ ತಾವಾಗಿ ಬರುತ್ತವೆ.

ವೈದ್ಯರಾಗಿ ಒಂದು ಮಾತು. ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ತಾಯಿನುಡಿಯೊಂದೇ ಉಳಿಯುವುದುಂಟು. ಎಡಿಸನ್, ಪಾರ್ಸಿಪನಿಗಳಲ್ಲಿ ನಮಗೂ ವಯಸ್ಸಾಗುತ್ತಿದೆ. "ಯಾಕೋ ಸಂಕಟ", "ಹೊಟ್ಟೆ ತೊಳಸುತ್ತೆ", "ಕಾಲು ಜೋಮು ಹಿಡಿದಿದೆ" ಎಂದು ನಾಳೆ ನಾವು ಹಾಸಿಗೆಯಿಂದ ಹೇಳಿದಾಗ ಅದು ಪಕ್ಕದಲ್ಲಿ ಕುಳಿತ ಮಗಳಿಗೆ ತಿಳಿಯಬೇಕು. ಅವಳು ಡಾಕ್ಟರಿಗೆ ತಿಳಿಸಬೇಕು. ಅದಕ್ಕೆ ಬೇಕಾದ ಕನ್ನಡವನ್ನು ಇಂದಿನ ರಾತ್ರಿಯ ಊಟದ ಮೇಜಿನಿಂದಲೇ ಶುರು ಮಾಡೋಣ.