ಹೆಬ್ಬಾಳದ ಕಿತ್ತಯ್ಯ: ಚರಂಡಿ ಅಗೆದಾಗ ಸಿಕ್ಕ ಹೆಸರು

ಹೆಬ್ಬಾಳ ಫ್ಲೈಓವರ್ ಮೇಲೆ ಸಿಕ್ಕಾಕ್ಕೊಂಡು ನೀವು ಎಷ್ಟು ಸಲ ಬೈದಿದ್ದೀರ? ನಾನಂತೂ ಲೆಕ್ಕ ಇಟ್ಟಿಲ್ಲ. ಮುಂದಿನ ಸಲ ನಿಂತಾಗ ಒಬ್ಬನ ಹೆಸರು ನೆನಪು ಮಾಡ್ಕೊಳ್ಳಿ, ಕಿತ್ತಯ್ಯ. ಇದೇ ಊರಿಗಾಗಿ ಹೋರಾಡಿ ಸತ್ತವನು. ಸುಮಾರು ಕ್ರಿ.ಶ. 750ರಲ್ಲಿ. ಕೆಂಪೇಗೌಡರು ಪೇಟೆ ಕಟ್ಟೋಕೆ ಆಗಿನ್ನೂ ಎಂಟುನೂರು ವರ್ಷದ ಹತ್ತಿರ ಬಾಕಿ ಇತ್ತು.

ಅವನ ಬಗ್ಗೆ ನಮಗೆ ಗೊತ್ತಾಗಿದ್ದು 2018ರಲ್ಲಿ. ಹೆಬ್ಬಾಳದಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಒಂದು ವೀರಗಲ್ಲು ಸಿಕ್ತು. ಕಲ್ಲಿನ ಮೇಲೆ ಹಳೆ ಕನ್ನಡ ಅಕ್ಷರ. ಪಿ.ಎಲ್. ಉದಯ ಕುಮಾರ್ ಥರದ ಶಾಸನಪ್ರಿಯರು, ಊರಿನವರು ಸೇರಿ ಅದನ್ನ ಉಳಿಸಿಕೊಂಡರು. ಮಿಥಿಕ್ ಸೊಸೈಟಿಯವರು ಆಮೇಲೆ ತ್ರೀಡಿ ಸ್ಕ್ಯಾನ್ ಕೂಡ ಮಾಡಿದರು. ಬೆಂಗಳೂರಲ್ಲಿ ಇದುವರೆಗೆ ಸಿಕ್ಕಿರೋ ಕನ್ನಡ ಶಾಸನಗಳಲ್ಲಿ ಇದೇ ಅತಿ ಹಳೆಯದು ಅಂತಾರೆ. ಆ ದಿನ ಜೆಸಿಬಿ ಇನ್ನೊಂದು ಸ್ವಲ್ಪ ಜೋರಾಗಿ ಬಡಿದಿದ್ರೆ?

ಕಲ್ಲು ಹೇಳೋ ಕಥೆ ತುಂಬಾ ಚಿಕ್ಕದು. ಗಂಗರ ರಾಜ ಶ್ರೀಪುರುಷ ಆಳ್ತಿದ್ದ ಕಾಲ. ಜಾಗದ ಹೆಸರು ಪೆರ್ಬೊಳಲ್ ನಾಡು ಮೂವತ್ತು, ಅಂದ್ರೆ ಮೂವತ್ತು ಹಳ್ಳಿಗಳ ಒಂದು ಸೀಮೆ. ರಟ್ಟರು ದಾಳಿ ಮಾಡಿದರು. ಕಿತ್ತಯ್ಯ ಕಾದಾಡಿದ, ಸತ್ತ. ಅಷ್ಟೇ.

ಪೆರ್ಬೊಳಲ್ ಅಂದ್ರೆ ದೊಡ್ಡ ಊರು. ಪಾಲು ಹಾಲಾಯ್ತು, ಪೂ ಹೂವಾಯ್ತು, ಹಾಗೇ ಪೆರ್ಬೊಳಲ್ ಹೋಗ್ತಾ ಹೋಗ್ತಾ ಹೆಬ್ಬಾಳ ಆಯ್ತು. (ನಮ್ಮ ಪಕ್ಕದ ಪೀಣ್ಯ ಮಾತ್ರ ಯಾಕೋ ತನ್ನ ‘ಪ’ ಬಿಟ್ಟುಕೊಟ್ಟಿಲ್ಲ.)

ರಟ್ಟರು ಅಂದ್ರೆ ರಾಷ್ಟ್ರಕೂಟರು. ಇಲ್ಲಿ ಸ್ವಲ್ಪ ಮ್ಯಾಪ್ ತೆಗೀರಿ. ಅದೇ ಹೊತ್ತಿಗೆ ದಂತಿದುರ್ಗ ಬಾದಾಮಿ ಚಾಲುಕ್ಯರನ್ನ ಕೆಳಗಿಳಿಸ್ತಿದ್ದ. ಅವನ ನಂತರ ಬಂದ ಒಂದನೇ ಕೃಷ್ಣ ಗಂಗವಾಡಿಗೇ ನುಗ್ಗಿದ. 768ರ ತಳೇಗಾಂವ್ ತಾಮ್ರಪಟ ಹೊರಡಿಸುವಾಗ ಅವನ ಬೀಡು ಇದ್ದಿದ್ದು ಮಣ್ಣೆಯಲ್ಲಿ. ಮಣ್ಣೆ ಅಂದ್ರೆ ಶ್ರೀಪುರುಷನ ರಾಜಧಾನಿ ಮಾನ್ಯಪುರ, ನಮ್ಮ ದಾಸರಹಳ್ಳಿ ಮುಂದೆ ಹೋಗೋ ತುಮಕೂರು ರೋಡ್ ಹಿಡಿದರೆ ಸಿಗೋ ನೆಲಮಂಗಲ ತಾಲ್ಲೂಕಿನಲ್ಲಿದೆ. ನಾವು ದಿನಾ ಬಸ್ಸಿಗೆ ಕಾಯೋ ಈ ಕಡೆಯೆಲ್ಲ ಆಗ ಎರಡು ರಾಜ್ಯಗಳ ನಡುವೆ ಸಿಕ್ಕಿದ್ದ ನೆಲ. ಪರೀಕ್ಷೆಗೆ ನಾವು ಓದಿದ್ದು ದಂತಿದುರ್ಗ, ಕೃಷ್ಣ, ಶ್ರೀಪುರುಷ. ಅವರ ಜಗಳದಲ್ಲಿ ಹೆಬ್ಬಾಳದ ಮಣ್ಣಿಗೆ ಬಿದ್ದವನು ಯಾವ ಪಠ್ಯದಲ್ಲೂ ಸಿಗಲಿಲ್ಲ.

ಬಿಕಾಂ ಬುದ್ಧಿ ನೋಡಿ, ನನಗೆ ಮೊದಲು ಬಂದ ಪ್ರಶ್ನೆ: ಮನೆಯವರಿಗೆ ಏನು ಸಿಕ್ತು? ಆಗಲೂ ವ್ಯವಸ್ಥೆ ಇತ್ತು. ಸತ್ತವನ ಕಡೆಯವರಿಗೆ ಭೂಮಿ ಬಿಡ್ತಿದ್ದರು, ಅದಕ್ಕೆ ಕಲ್ನಾಡು ಅಂತಿದ್ದರು. ನೆತ್ತರುಗೊಡಗೆ ಅನ್ನೋ ಹೆಸರೂ ಇದೆ. ರಕ್ತಕ್ಕೆ ಕೊಟ್ಟ ಕೊಡುಗೆ, ಅಕ್ಷರಶಃ. ಈ ಪದ ಮೊದಲ ಸಲ ಓದಿದಾಗ ಫೋನ್ ಪಕ್ಕಕ್ಕಿಟ್ಟು ಸುಮ್ನೆ ಕೂತುಬಿಟ್ಟೆ. ಬೇಗೂರಿನ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಮೇಲೆ ಕಾದಿ ಸತ್ತಾಗ ಅವನ ಬಿರುದೂ ಬೆಂಪೂರು ಹನ್ನೆರಡೂ ಇರುಗ ಅನ್ನೋನಿಗೆ ಹೋಯ್ತು. ಆ ಕಲ್ಲು ಕಸ್ತೂರಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಆನೆ, ಕುದುರೆ, ಕಾಲಾಳು ಎಲ್ಲ ಕೆತ್ತಿದ್ದಾರೆ. ಅಲ್ಲೂ ಹನ್ನೆರಡು ಊರು ಸಿಗೋದು ದೊಡ್ಡವರಿಗೆ. ಕೆತ್ತನೆಯಲ್ಲಿ ಆನೆ ಕಾಲ ಹತ್ತಿರ ಬಿದ್ದಿರೋರ ಹೆಸರು ಯಾರೂ ಬರೆದಿಲ್ಲ. ಕಿತ್ತಯ್ಯನದನ್ನ ಬರೆದರು. ಅದಕ್ಕೇ ನನಗೆ ಬೇಗೂರಿಗಿಂತ ಹೆಬ್ಬಾಳದ ಕಲ್ಲು ಹತ್ತಿರ ಅನ್ಸುತ್ತೆ.

ಈಗ ಒಂದು ತಪ್ಪೊಪ್ಪಿಗೆ. ನಮ್ಮಜ್ಜಿ ಊರಲ್ಲಿ ಕೆರೆ ಏರಿ ಮೇಲೆ ಒಂದು ವೀರಗಲ್ಲಿತ್ತು. ರಜಕ್ಕೆ ಹೋದಾಗ ನಾನು ಅದಕ್ಕೆ ಚಪ್ಪಲಿ ಉಜ್ಜಿ ಕೆಸರು ತೆಗೀತಿದ್ದೆ. ಕೆಳಗೆ ಎರಡು ಸಾಲು ಅಕ್ಷರ ಇತ್ತು, ಅಜ್ಜಿ ‘ಯಾರೋ ದಂಡಿಗೆ ಹೋದೋನು ಕಣೋ, ಕಾಲು ತಾಗಿಸಬೇಡ’ ಅಂತಿದ್ದರು. ಹೋದ ವರ್ಷ ರಸ್ತೆ ಅಗಲ ಆಯ್ತು. ಕಲ್ಲು ಎಲ್ಲಿ ಅಂತ ಮಾವನನ್ನ ಕೇಳಿದೆ, ‘ಮಣ್ಣು ತುಂಬಿದ್ರಲ್ಲ, ಅದರ ಜೊತೆ ಹೋಗಿರುತ್ತೆ ಬಿಡೋ’ ಅಂದರು. ನನ್ನ ಹತ್ತಿರ ಒಂದು ಫೋಟೋನೂ ಇಲ್ಲ. ಆ ಎರಡು ಸಾಲನ್ನ ಯಾರೂ ಓದಿರಲಿಲ್ಲ.

ಈ ಸಲ ದಸರಾ ರಜಕ್ಕೆ ಊರಿಗೆ ಹೋಗ್ತೀರಲ್ಲ? ದೇವಸ್ಥಾನದ ಹಿಂದೆ, ಕೆರೆ ಏರಿ, ಬಟ್ಟೆ ಒಗೆಯೋ ಜಾಗ, ಒಂದ್ಸಲ ನೋಡಿ. ಕತ್ತಿ ಹಿಡಿದವನ ಕಲ್ಲು ಕಂಡರೆ ಬೆಳಗ್ಗೆ ಎಳೆ ಬಿಸಿಲಲ್ಲಿ, ಬೆಳಕು ಪಕ್ಕದಿಂದ ಬೀಳುವಾಗ ಫೋಟೋ ತೆಗೀರಿ. ಅಕ್ಷರ ಚೆನ್ನಾಗಿ ಎದ್ದು ಕಾಣುತ್ತೆ. ಸುಣ್ಣ, ಪೇಂಟ್ ಹಚ್ಚಬೇಡಿ. ಲೊಕೇಶನ್ ಹಾಕಿ ನನಗೆ ಡಿಎಂ ಮಾಡಿ, ಓದೋಕೆ ಬರೋರಿಗೆ ತಲುಪಿಸ್ತೀನಿ.