ಊರು ಬಿಟ್ಟವರ ಚರಿತ್ರೆ ಮತ್ತು ಶಾಲೆಯ ಹೊಣೆ

ಶತಮಾನೋತ್ಸವದ ಸಂದರ್ಭದಲ್ಲಿ ಶಾಲೆಯ ಸ್ಥಾಪನೆ, ಕಟ್ಟಡ, ದಾನಿಗಳು ಹಾಗೂ ಗುರುಪರಂಪರೆಯನ್ನು ಸ್ಮರಿಸುವುದು ವಾಡಿಕೆ. ಅದು ಅಗತ್ಯವೂ ಹೌದು. ಆದರೆ ಜತ್ತ ತಾಲೂಕಿನಂಥ ಬರದ ನಾಡಿನಲ್ಲಿ ಶಾಲೆಯ ಚರಿತ್ರೆಯನ್ನು ಇಲ್ಲಿ ಉಳಿದವರನ್ನಷ್ಟೇ ಲೆಕ್ಕಕ್ಕೆ ಹಿಡಿದು ಬರೆಯಲಾಗದು. ನಮ್ಮ ದಾಖಲಾತಿ ಪುಸ್ತಕಗಳಲ್ಲಿ ಹೆಸರು ಬರೆಸಿ, ನಡುವೆಯೇ ಊರು ಬಿಟ್ಟವರ ಸಂಖ್ಯೆ ಸಣ್ಣದಲ್ಲ. ಅವರು ಏಕೆ ಹೋದರು, ಹೋದುದರಿಂದ ಸಮಾಜಕ್ಕೆ ಏನು ದೊರೆಯಿತು, ಏನು ನಷ್ಟವಾಯಿತು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲು ಬಯಸುತ್ತೇವೆ.

ವಲಸೆ ನಮ್ಮ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವು ಬೆಳಗಿದ್ದೇ ದೂರದೂರದಿಂದ ಬಂದ ಶರಣರಿಂದ. ಮೋಳಿಗೆಯ ಮಾರಯ್ಯನವರು ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರುವ ಕಾಯಕ ಹಿಡಿದರೆಂಬುದು ಪರಂಪರೆಯ ನಂಬಿಕೆ. ನಮ್ಮದೇ ತಾಲೂಕಿನ ಉಮರಾಣಿಯಲ್ಲಿ ಜನಿಸಿದ ದಾನಮ್ಮದೇವಿಯೂ ಕಲ್ಯಾಣವನ್ನು ಕಂಡು ಬಂದು ಗುಡ್ಡಾಪುರದಲ್ಲಿ ನೆಲೆಸಿದಳೆಂದು ಐತಿಹ್ಯ ಹೇಳುತ್ತದೆ. ಮಾಡಗ್ಯಾಳ ಕುರಿಯ ತಳಿಯನ್ನು ಹೆಸರುವಾಸಿ ಮಾಡಿದ ನಮ್ಮ ಕುರಿಗಾರರ ಬದುಕಂತೂ ಮೇವು ನೀರನ್ನು ಅರಸಿ ನಡೆಯುವ ಬದುಕೇ ಆಗಿದೆ. ಮರಾಠಿ ಮಾತನಾಡುವ ಡಫಳೆ ಮನೆತನದ ಆಳ್ವಿಕೆಯಲ್ಲಿ ಕನ್ನಡ ಮಾತನಾಡುವ ಪ್ರಜೆಗಳು ಬಾಳಿದ ಜತ್ತ ಸಂಸ್ಥಾನವು ನೂರು ವರ್ಷಗಳ ಹಿಂದೆ ಬಿಜಾಪುರ ಏಜೆನ್ಸಿಗೆ ಒಳಪಟ್ಟಿತ್ತು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. 1960ರಲ್ಲಿ ನಾವು ಮಹಾರಾಷ್ಟ್ರ ರಾಜ್ಯದವರಾದೆವು. ಗಡಿಗಳು ಬದಲಾದವು, ಆದರೆ ಹಳ್ಳಿಗಳ ಬಾಯಲ್ಲಿ ಎರಡು ಭಾಷೆಗಳೂ ಹಾಗೆಯೇ ಉಳಿದವು.

ಸಹ್ಯಾದ್ರಿಯ ಮಳೆ ನಮ್ಮನ್ನು ತಲುಪುವ ಮೊದಲೇ ಬರಿದಾಗುತ್ತದೆ. ಹಿಂಗಾರಿ ಜೋಳ ಕೈಕೊಟ್ಟ ವರ್ಷ ಗುಳೆ ಹೊರಡದೆ ಗತಿಯಿಲ್ಲ. 1876ರಿಂದ 78ರವರೆಗಿನ ಭೀಕರ ಬರದಲ್ಲಿ ನೆರೆಯ ಕಲಾದಗಿ ಜಿಲ್ಲೆಯ ಊರೂರುಗಳೇ ಬರಿದಾದವು. ಅದೇ ಕಾಲದಲ್ಲಿ, 1877ರಲ್ಲಿ, ಸೊಲ್ಲಾಪುರದಲ್ಲಿ ಮೊದಲ ಬಟ್ಟೆ ಗಿರಣಿ ಸ್ಥಾಪನೆಯಾಯಿತು. ಮಳೆಯನ್ನು ನಂಬಿದ್ದ ಜನರಿಗೆ ಅಂದಿನಿಂದ ಗಿರಣಿಯ ಸಂಬಳವೆಂಬ ಇನ್ನೊಂದು ಆಸರೆ ಕಾಣತೊಡಗಿತು. 1972ರ ಬರವನ್ನು ನಮ್ಮ ಹಿರಿಯರು ಇಂದಿಗೂ ಮರೆತಿಲ್ಲ. 1973ರ ಬೇಸಿಗೆಯಲ್ಲಿ ರಾಜ್ಯದಾದ್ಯಂತ ಸುಮಾರು 50 ಲಕ್ಷ ಜನ ಬರ ಪರಿಹಾರದ ಕಾಮಗಾರಿಗಳಲ್ಲಿ ಕಲ್ಲು ಒಡೆದು, ಮಣ್ಣು ಹೊತ್ತು ಜೀವ ಉಳಿಸಿಕೊಂಡರು. ಆ ಅನುಭವದಿಂದಲೇ ಮಹಾರಾಷ್ಟ್ರದ ಉದ್ಯೋಗ ಖಾತರಿ ಕಾಯ್ದೆಯು 1977ರಲ್ಲಿ ರೂಪುಗೊಂಡಿತು. 2005ರ ರಾಷ್ಟ್ರೀಯ ಕಾಯ್ದೆಗೆ ಅದೇ ಮೇಲ್ಪಂಕ್ತಿಯಾಯಿತು. ಊರಲ್ಲಿಯೇ ಕೆಲಸ ಸಿಕ್ಕರೆ ಜನ ಊರು ಬಿಡುವುದಿಲ್ಲವೆಂಬ ಪಾಠವನ್ನು ದೇಶಕ್ಕೆ ಕಲಿಸಿದ್ದು ನಮ್ಮಂಥ ಬರಪೀಡಿತ ಪ್ರದೇಶಗಳೇ.

ವಲಸೆಯ ಲಾಭಗಳನ್ನು ಅಲ್ಲಗಳೆಯುವಂತಿಲ್ಲ. ನಮ್ಮ ಜಿಲ್ಲೆಯ ಖಾನಾಪುರ, ಆಟಪಾಡಿ ತಾಲೂಕುಗಳ ಜನ ಬರದ ಬವಣೆಯಿಂದ ಊರು ಬಿಟ್ಟು, ಚಿನ್ನ ಬೆಳ್ಳಿ ಶುದ್ಧಗೊಳಿಸುವ ಗಲಾಯಿ ಕಸುಬನ್ನು ಹಿಡಿದು ಭಾರತದ ನಗರನಗರಗಳಲ್ಲಿ ನೆಲೆ ಕಂಡರು. ಗಳಿಸಿದ್ದರಲ್ಲಿ ಒಂದು ಪಾಲನ್ನು ಹುಟ್ಟೂರಿಗೆ ತಂದರು. ಮುಂಬಯಿಗೆ ಹೋದ ಕರಾವಳಿಯ ಕನ್ನಡಿಗರು ಹಗಲು ಹೊಟೇಲುಗಳಲ್ಲಿ ದುಡಿದು, ಇರುಳು ಓದುವವರಿಗಾಗಿ ಕನ್ನಡದ ರಾತ್ರಿ ಶಾಲೆಗಳನ್ನು ಕಟ್ಟಿದರು. ಹೋದವರು ಬರಿಗೈಯಲ್ಲಿ ಹೋದರೂ ಹೊಸ ಕಸುಬು, ಹೊಸ ಭಾಷೆ, ಹೊಸ ಧೈರ್ಯಗಳೊಂದಿಗೆ ಮರಳುತ್ತಾರೆ. ಅವರ ದುಡಿಮೆಯಿಂದ ಹೋದ ಊರೂ ಬೆಳೆಯುತ್ತದೆ.

ಆದರೆ ಎಲ್ಲ ವಲಸೆಯೂ ಒಂದೇ ಬಗೆಯದಲ್ಲ. 1950ರ ಸುಮಾರಿಗೆ ಪ್ರವರಾನಗರದಲ್ಲಿ ಆರಂಭವಾದ ಸಹಕಾರಿ ಸಕ್ಕರೆ ಕಾರಖಾನೆಯ ಮಾದರಿ ಪಶ್ಚಿಮ ಮಹಾರಾಷ್ಟ್ರವನ್ನು ಶ್ರೀಮಂತಗೊಳಿಸಿತು. ಆ ಸಿರಿಯ ಹಿಂದೆ ಬರದ ತಾಲೂಕುಗಳಿಂದ ಬಂದ ಕಬ್ಬು ಕಡಿಯುವವರ ಬೆವರಿದೆ. ಮುಕಾದಮರಿಂದ ಮುಂಗಡವಾಗಿ ಉಚಲ ಪಡೆದ ಕುಟುಂಬವು ದೀಪಾವಳಿಯ ಹೊತ್ತಿಗೆ ಗಂಟುಮೂಟೆ ಕಟ್ಟುತ್ತದೆ. ಗಂಡ ಹೆಂಡತಿ ಸೇರಿದರೆ ಒಂದು ಕೋಯ್ತಾ ಎಂಬುದು ಅಲ್ಲಿನ ಲೆಕ್ಕ. ಬೆಳಗಿನ ಜಾವದಿಂದ ಕಡಿದು, ಕಟ್ಟಿ, ಹೊತ್ತು, ಗಾಡಿಗೆ ತುಂಬಿದ ಕಬ್ಬಿನ ತೂಕದ ಮೇಲೆ ಕೂಲಿ. ಯುಗಾದಿಗೆ ಮರಳಿದಾಗ ಉಚಲ ತೀರದಿದ್ದರೆ ಮುಂದಿನ ವರ್ಷದ ದಾರಿ ಇಂದೇ ನಿಶ್ಚಯವಾದಂತೆ. ಈ ವಲಸೆಯಲ್ಲಿ ಹೊರಡುವವರಿಗೆ ಆಯ್ಕೆಯೇ ಇಲ್ಲ.

ಇದರ ಭಾರ ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ಮಕ್ಕಳ ಮೇಲೆ. ಶೈಕ್ಷಣಿಕ ವರ್ಷದ ಎರಡನೆಯ ಸತ್ರ ಪೂರ್ತಿ ಅವರು ಕಬ್ಬಿನ ಗದ್ದೆಯ ಪಕ್ಕದ ಗುಡಿಸಲಿನಲ್ಲಿರುತ್ತಾರೆ; ಹಿರಿಯ ಮಗಳು ಕಿರಿಯ ತಮ್ಮನನ್ನು ಎತ್ತಿಕೊಂಡಿರುತ್ತಾಳೆ. ಕನ್ನಡ ಶಾಲೆಯ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕುಟುಂಬವು ಅಥಣಿ, ಜಮಖಂಡಿಗಳತ್ತ ಹೋದರೆ ಅಲ್ಲಿನ ಶಾಲೆ ಕನ್ನಡದ್ದು. ಕೊಲ್ಹಾಪುರದತ್ತ ಹೋದರೆ ಕಾರಖಾನೆಯ ಬಳಿಯ ಸಾಖರ ಶಾಳೆ ಮರಾಠಿಯದು. ನಮ್ಮಲ್ಲಿ ಈಗಷ್ಟೇ ಕಾಗುಣಿತ ಕಲಿತ ಮಗು ಅಲ್ಲಿ ಬಾರಾಖಡಿಯಿಂದ ಮತ್ತೆ ಆರಂಭಿಸಬೇಕು; ಮರಳಿ ಬಂದಾಗ ಎರಡೂ ಅರ್ಧವಾಗಿರುತ್ತವೆ. ಜೋಡಿಗೇ ಉಚಲ ಸಿಗುವ ಪದ್ಧತಿಯು ಹೆಣ್ಣುಮಕ್ಕಳ ಬೇಗನೆಯ ಮದುವೆಗೂ ಕಾರಣವಾಗುತ್ತಿದೆ. ಊರಿನಲ್ಲಿ ಮುದುಕರು ಮಾತ್ರ ಉಳಿಯುತ್ತಾರೆ. 2020ರ ಮಾರ್ಚಿನಲ್ಲಿ ದೇಶವೇ ಸ್ತಬ್ಧವಾದಾಗ ಕಬ್ಬಿನ ಕಾರ್ಮಿಕರು ಕಾರಖಾನೆಗಳ ಆವರಣದಲ್ಲಿಯೇ ಸಿಲುಕಿ, ಏಪ್ರಿಲ್‌ನಲ್ಲಿ ಅನುಮತಿ ದೊರೆತ ಮೇಲೆ ಊರು ಸೇರಿದುದನ್ನು ನಾವೆಲ್ಲರೂ ಕಂಡಿದ್ದೇವೆ.

ಹಾಗಾದರೆ ವಲಸೆಯನ್ನು ನಿಲ್ಲಿಸಬೇಕೇ? ಅದು ಸಾಧ್ಯವೂ ಅಲ್ಲ, ಯೋಗ್ಯವೂ ಅಲ್ಲ. ವಿದ್ಯೆ ಮತ್ತು ಕಸುಬನ್ನು ಕೈಯಲ್ಲಿ ಹಿಡಿದು ಹೊರಟವನ ವಲಸೆ ಎರಡೂ ಊರುಗಳಿಗೆ ಲಾಭ ತರುತ್ತದೆ. ಸಾಲವನ್ನು ಹೊತ್ತು ಹೊರಟವನ ವಲಸೆ ಅವನ ಮಕ್ಕಳನ್ನೂ ಅದೇ ದಾರಿಗೆ ಎಳೆಯುತ್ತದೆ. ಇವೆರಡರ ನಡುವಿನ ಅಂತರವನ್ನು ತುಂಬಬೇಕಾದುದು ಶಾಲೆ. ಮ್ಹೈಸಾಳ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರು ತಾಲೂಕಿನ ಪೂರ್ವದ ಹಳ್ಳಿಗಳನ್ನೆಲ್ಲ ತಲುಪಿದರೆ ಅರ್ಧ ಚಿಂತೆ ದೂರವಾದೀತು. ಆದರೆ ನೀರು ಬರುವವರೆಗೆ ಮಗುವಿನ ವಯಸ್ಸು ಕಾಯುವುದಿಲ್ಲ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯು ಮಗು ಎಲ್ಲಿಗೆ ಹೋದರೂ ಅಲ್ಲಿ ಪ್ರವೇಶ ಪಡೆಯುವ ಹಕ್ಕನ್ನು ಕೊಟ್ಟಿದೆ. ವರ್ಗಾವಣೆ ಪತ್ರ ತಡವಾಯಿತೆಂಬ ನೆಪದಿಂದ ಪ್ರವೇಶ ನಿರಾಕರಿಸುವಂತಿಲ್ಲ. ಪಾಲಕರು ಇದನ್ನು ಅರಿತಿರಬೇಕು. ಪಾಲಕರು ಹೋದರೂ ಮಕ್ಕಳು ಊರಲ್ಲೇ ಉಳಿದು ಓದಲೆಂದು ಸರಕಾರದ ಹಂಗಾಮಿ ವಸತಿಗೃಹದ ಯೋಜನೆಯಿದೆ. ಅಜ್ಜಿಯ ಆಸರೆಯಲ್ಲಿ ಬಿಟ್ಟುಹೋಗುವ ಮಕ್ಕಳಿಗೆ ಸಂಜೆಯ ಊಟ, ಓದುವ ದೀಪ, ವಿಚಾರಿಸುವ ಹಿರಿಯರು ದೊರೆತರೆ ಎಷ್ಟೋ ತಾಯಂದಿರು ಮಕ್ಕಳನ್ನು ಇಲ್ಲಿಯೇ ಬಿಡಲು ಒಪ್ಪುತ್ತಾರೆ. ಆದುದರಿಂದ ಪುಣೆ, ಮುಂಬಯಿ, ಬೆಂಗಳೂರುಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದೇ ವಿನಂತಿ. ಶತಮಾನೋತ್ಸವದ ಕಾಣಿಕೆಯಾಗಿ ಕಮಾನು, ಫಲಕಗಳಿಗಿಂತ ಮೊದಲು ಆ ಐದು ತಿಂಗಳ ಊಟ ಮತ್ತು ಆಸರೆಯ ಹೊಣೆಯನ್ನು ಹಂಚಿಕೊಳ್ಳಿರಿ. ಮುಂದಿನ ಪೀಳಿಗೆಯವರೂ ಊರು ಬಿಟ್ಟು ಹೋಗಲಿ. ಆದರೆ ಓದು ಮುಗಿಸಿ, ತಮ್ಮ ಇಚ್ಛೆಯಿಂದ ಹೋಗುವಂತಾಗಲಿ ಎಂದು ಹಾರೈಸುತ್ತೇವೆ.