ಸಂಜೆ ಆರೂವರೆಯ ರಜೆ

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸ್ಥಾಪಕರಿಂದ ಆರಂಭಿಸುತ್ತಾರೆ. ನಾನು ಗಡಿಯಾರದಿಂದ ಆರಂಭಿಸುತ್ತೇನೆ. ನಮ್ಮ ಶಾಲೆಯ ಗಂಟೆ ಬಾರಿಸುತ್ತಿದ್ದುದು ಸಂಜೆ ಆರೂವರೆಗೆ. ಆಫೀಸು ಬಿಟ್ಟವರು ಫೋರ್ಟಿನ ಹೋಟೆಲುಗಳಿಗೆ ನುಗ್ಗುತ್ತಿದ್ದುದೂ ಅದೇ ಹೊತ್ತಿಗೆ.

ಕರಾವಳಿಯವರು ಇಲ್ಲಿ ಸಂಘ ಕಟ್ಟಿದ್ದು ಬಹಳ ಹಿಂದೆ. ಮೊಗವೀರ ವ್ಯವಸ್ಥಾಪಕ ಮಂಡಳಿ 1902ರದು. ಹಗಲು ದುಡಿಯುವ ಹುಡುಗರಿಗಾಗಿ ಅದು ರಾತ್ರಿಶಾಲೆ ನಡೆಸಿತು. 1946ರಲ್ಲಿ ಮೊಗವೀರ ಬ್ಯಾಂಕೂ ಹುಟ್ಟಿತು. ಬಿಲ್ಲವರ, ಬಂಟರ ಸಂಘಗಳೂ ರಾತ್ರಿಶಾಲೆ ತೆರೆದವು. ಜಾತಿ ಸಂಘಗಳೆಂದು ಮೂಗು ಮುರಿಯುವವರಿದ್ದಾರೆ, ನಾನೂ ಒಂದು ಕಾಲಕ್ಕೆ ಮುರಿದವನೇ. ಆದರೆ ಟ್ರಂಕು ಹಿಡಿದು ಬಸ್ಸಿಳಿದ ಹದಿಮೂರರ ಹುಡುಗನಿಗೆ ಬೇರೆ ಯಾರು ಬಾಗಿಲು ತೆರೆದಿದ್ದರು?

ಹಗಲಲ್ಲಿ ಚಿಕ್ಕ ಮಕ್ಕಳು ಕೂರುವ ಬೆಂಚುಗಳಲ್ಲಿ ನಾವು ಮೊಣಕಾಲು ಮಡಚಿ ಕೂರುತ್ತಿದ್ದೆವು. ಮೈಯೆಲ್ಲ ಸಾಂಬಾರಿನ ವಾಸನೆ. ಮೇಷ್ಟ್ರುಗಳೂ ಹಗಲು ಗುಮಾಸ್ತರೇ, ಆದ್ದರಿಂದ ಅವರಿಗೆ ಪೇಟೆ ಗೊತ್ತಿತ್ತು. "ಎಸ್ಸೆಸ್ಸಿ ಒಂದೇ ಸಾಲದು, ಟೈಪಿಂಗ್ ಕಲಿಯಿರಿ" ಎನ್ನುತ್ತಿದ್ದರು. ಮುಂಬಯಿಯ ಗೋದ್ರೇಜ್ ಕಂಪನಿ ದೇಶದ ಮೊದಲ ಟೈಪ್‌ರೈಟರ್ ತಯಾರಿಸಿದ್ದು 1955ರಲ್ಲಿ. ನಾನು ಬರುವ ಹೊತ್ತಿಗೆ ಕಚೇರಿಗಳ ತುಂಬ ಅದರ ಸದ್ದು. ನಿಮಿಷಕ್ಕೆ 40 ಪದ ಹೊಡೆಯಬಲ್ಲವನು ಎಂಜಲು ಬಟ್ಟಲು ಎತ್ತಬೇಕಾಗಿರಲಿಲ್ಲ. ನಾನಂತೂ ರಾತ್ರಿ ಹೋಟೆಲಿನ ಮೇಜಿನ ಮೇಲೆಯೇ ಬೆರಳು ಆಡಿಸುತ್ತಿದ್ದೆ.

ಕಲಿಸುವವರಿದ್ದರು, ಕಟ್ಟಡವಿತ್ತು. ಇಲ್ಲದ್ದು ಬಿಡುವು. ನಮ್ಮ ಧಣಿ ಶಾಲೆಗೆ ಚಂದಾ ಕೊಡುತ್ತಿದ್ದರು, ಆರೂವರೆಗೆ ಮಾತ್ರ ನನ್ನನ್ನು ಬಿಡುತ್ತಿರಲಿಲ್ಲ. ಸಂಘದ ಹಿರಿಯರು ಬಂದು ಹೇಳಿದ ಮೇಲೆ, "ಬದಲಿಗೆ ಯಾರಾದರೂ ನಿಂತರೆ ಹೋಗಲಿ" ಎಂದರು.

ನಿಂತವನು ನನಗಿಂತ ನಾಲ್ಕು ವರ್ಷ ದೊಡ್ಡವನಾದ ಒಬ್ಬ ಸಪ್ಲೈಯರ್. ಕಾರ್ಕಳದ ಕಡೆಯವನು, ಅಕ್ಷರ ಬಾರದವನು. "ನೀನು ಹೋಗು ಮಾರಾಯ, ರಶ್ಶು ನಾನು ನೋಡಿಕೊಳ್ತೇನೆ" ಎಂದ. ಆರು ವರ್ಷ ನೋಡಿಕೊಂಡ. ಶಾಲೆಗಳ ಸ್ಮರಣ ಸಂಚಿಕೆಗಳಲ್ಲಿ ದಾನಿಗಳ ಫೋಟೋ ಸಾಲುಸಾಲಾಗಿರುತ್ತದೆ. ಹೀಗೆ ಬದಲಿಗೆ ನಿಂತವರ ಫೋಟೋ ನಾನು ಒಂದರಲ್ಲೂ ಕಂಡಿಲ್ಲ.

ಊರಿಗೆ ಕಳಿಸುವ ಅವನ ಮನಿಯಾರ್ಡರು ಫಾರಂ ನಾನೇ ತುಂಬುತ್ತಿದ್ದೆ. ಶಾಲೆಗೆ ನೀನೂ ಬಾ ಅಣ್ಣ ಎಂದು ಒಮ್ಮೆ ಕರೆದೆ. "ಆಗ ಇಲ್ಲಿ ನಿಲ್ಲುವವರು ಯಾರು?" ಎಂದು ನಕ್ಕ. ನನಗೆ ಬಲ್ಲಾರ್ಡ್ ಪಿಯರ್‌ನಲ್ಲಿ ಟೈಪಿಸ್ಟ್ ಕೆಲಸ ಸಿಕ್ಕ ದಿನ ಆರೂವರೆಗೆ ಪೇಡೆ ಹಿಡಿದು ಹೋದೆ. ಅವನು ಆಗಲೇ ಇನ್ನೊಬ್ಬ ಹುಡುಗನ ಮೇಜುಗಳನ್ನು ಒರೆಸುತ್ತಿದ್ದ.